ಎತ್ತು ಕಲಿಯುವ ಬಗೆ

ನೊಗಕ್ಕೆ ಹೆಗಲು ಕೊಡುವ ಗುಣ ಯಾವ ಹೋರಿಗೂ ಹುಟ್ಟಿನಿಂದ ಬರುವುದಿಲ್ಲ. ನೊಗ ಎತ್ತಿ ಹಿಡಿದರೆ ಕತ್ತು ಒಡ್ಡುವುದು, ಸಾಲು ಬಿಡದೆ ನಡೆಯುವುದು, ಬದುವಿನ ಹತ್ತಿರ ಬಂದಾಗ ತಾನಾಗಿ ತಿರುಗುವುದು, ‘ಹೋ’ ಎಂದರೆ ನಿಲ್ಲುವುದು, ಇವೆಲ್ಲ ಕಲಿತ ನಡತೆಗಳು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಎರೆಹೊಲಗಳಲ್ಲಿ ಈ ಪಾಠ ತಲೆಮಾರುಗಳಿಂದ ನಡೆದು ಬಂದಿದೆ. ಪ್ರಾಣಿ ಹೇಗೆ ಕಲಿಯುತ್ತದೆ ಎಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆದು ನೋಡುವ ಕ್ರಮ ಬೇರೂರಿ ಇನ್ನೂ ಒಂದೂವರೆ ಶತಮಾನ ಆಗಿಲ್ಲ. ಒಕ್ಕಲುತನದ ಈ ಕಸುಬನ್ನೂ ಮನೋವಿಜ್ಞಾನದ ಆ ಶಾಖೆಯನ್ನೂ ಜೊತೆಗಿಟ್ಟು ನೋಡಿದರೆ, ರೈತ ಎಲ್ಲಿ ಸರಿಯಾಗಿದ್ದ, ಎಲ್ಲಿ ಎಡವಿದ ಎಂಬುದು ಸ್ಪಷ್ಟವಾಗುತ್ತದೆ. ಬಹುಪಾಲು ಕಡೆ ಅವನು ಸರಿಯಾಗಿಯೇ ಇದ್ದ.

ಈ ಸೀಮೆಯ ಮುಖ್ಯ ಗಳೆಯ ತಳಿ ಖಿಲಾರಿ. ಬೆಳ್ಳನೆಯ ಮೈ, ಹಿಂದಕ್ಕೆ ಬಾಗಿ ಮೇಲೇಳುವ ನೀಳ ಕೊಂಬು, ಬಿರುಸಾದ ನಡೆ ಅದರ ಗುರುತು. ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲೂ ಗಡಿಯಾಚೆಯ ಸೊಲ್ಲಾಪುರ, ಸಾಂಗಲಿ, ಸಾತಾರಾಗಳಲ್ಲೂ ಅದರ ನೆಲೆಯಿದೆ. ಅಂಟುವ ಕರಿಮಣ್ಣಿನಲ್ಲಿ ಭಾರದ ನೇಗಿಲು ಎಳೆಯಲೆಂದು ಬೆಳೆಸಿದ ಕೃಷ್ಣಾ ತೀರದ ತಳಿ ಇನ್ನೊಂದು. ಅದು ಮೈಯಲ್ಲಿ ದೊಡ್ಡದು, ನಡೆಯಲ್ಲಿ ನಿಧಾನ. ಈಗ ತೀರ ವಿರಳ. ಖಿಲಾರಿ ಬೇಗ ಕಲಿಯುತ್ತದೆ, ಅಷ್ಟೇ ಬೇಗ ಬೆದರುತ್ತದೆ. ಎರಡು ಹಲ್ಲು ಹಾಕುವ ಹೊತ್ತಿಗೆ, ಅಂದರೆ ಎರಡರಿಂದ ಮೂರು ವರ್ಷದ ನಡುವೆ, ಹೋರಿಯ ಪಾಠ ಶುರುವಾಗುತ್ತದೆ.

ಮೊದಲ ಪಾಠದಲ್ಲಿ ಹೋರಿ ಏನನ್ನೂ ಮಾಡಬೇಕಿಲ್ಲ. ಬೆನ್ನ ಮೇಲೆ ಕೈ ಬಿದ್ದರೆ, ಕೊರಳಲ್ಲಿ ಗೆಜ್ಜೆ ಸದ್ದಾದರೆ, ಹಿಂದೆ ಮರದ ತುಂಡು ಸರಸರ ಎಳೆದು ಬಂದರೆ ಓಡಬೇಕಾಗಿಲ್ಲ ಎಂಬುದನ್ನು ಅದು ಅರಿತರೆ ಸಾಕು. ಅಪಾಯವಿಲ್ಲದ ಪ್ರಚೋದನೆ ಮತ್ತೆ ಮತ್ತೆ ಬಂದಾಗ ಪ್ರತಿಕ್ರಿಯೆ ಕ್ರಮೇಣ ತಗ್ಗುವುದಕ್ಕೆ ರೂಢಿಗೊಳ್ಳುವಿಕೆ ಎಂದು ಹೆಸರು. ಕಲಿಕೆಯ ರೂಪಗಳಲ್ಲಿ ಇದು ಅತ್ಯಂತ ಹಳೆಯದು. ನರಮಂಡಲ ಬಹಳ ಸರಳವಾಗಿರುವ ಸಮುದ್ರದ ಬಸವನಹುಳುವಿನಂಥ ಜೀವಿಗಳಲ್ಲೂ ಕಾಣಿಸುತ್ತದೆ. ಮೈಸೂರು ದಸರೆಗೆ ಬರುವ ಆನೆಗಳನ್ನು ಜಂಬೂಸವಾರಿಗೆ ಕೆಲವು ವಾರ ಮುಂಚೆಯೇ ಪೇಟೆಯ ರಸ್ತೆಗಳಲ್ಲಿ ನಡೆಸುವುದು, ಕುಶಾಲತೋಪಿನ ಸದ್ದನ್ನು ಮತ್ತೆ ಮತ್ತೆ ಕೇಳಿಸುವುದು ಇದೇ ತತ್ವದ ಮೇಲೆ.

ರೂಢಿಗೊಳ್ಳುವಿಕೆಗೆ ಎದುರಾದದ್ದೂ ಇದೆ. ಪ್ರಚೋದನೆ ಮೊದಲ ಸಲವೇ ತೀರಾ ಜೋರಾಗಿ ಬಂದರೆ ಪ್ರಾಣಿ ಅದಕ್ಕೆ ಒಗ್ಗುವ ಬದಲು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಆಮೇಲೆ ಸಣ್ಣ ಸದ್ದಿಗೂ ಚಂಗನೆ ನೆಗೆಯುತ್ತದೆ. ಕಾರಹುಣ್ಣಿಮೆಯ ದಿನ ಕೋಡಿಗೆ ಬಣ್ಣ ಬಳಿದು, ಜೂಲು ಹೊದಿಸಿ, ಹಲಗೆಯ ಸದ್ದಿನ ನಡುವೆ ಕರಿ ಹರಿಯಲು ಓಡಿಸುವ ಹೋರಿಗಳಲ್ಲಿ ಎರಡೂ ಬಗೆಯವನ್ನು ಕಾಣಬಹುದು. ಚಿಕ್ಕಂದಿನಿಂದ ಊರ ಗದ್ದಲದಲ್ಲಿ ಓಡಾಡಿದ್ದು ನಿರಾಳವಾಗಿ ನಿಂತಿರುತ್ತದೆ. ಹೊಲದಲ್ಲೇ ಬೆಳೆದು ಅಂದೇ ಜಾತ್ರೆಯಂಥ ಜನ ಕಂಡದ್ದು ಕಣ್ಣರಳಿಸಿ ಏದುಸಿರು ಬಿಡುತ್ತದೆ. ಆ ಒಂದು ದಿನದ ಭಯ ವರ್ಷಗಟ್ಟಲೆ ಉಳಿಯಬಹುದು.

ಎರಡನೆಯ ಬಗೆಯ ಕಲಿಕೆ ಒಂದರ ಹಿಂದೆ ಇನ್ನೊಂದು ಬರುತ್ತದೆಂದು ತಿಳಿಯುವುದು. ರಷ್ಯಾದ ಶರೀರವಿಜ್ಞಾನಿ ಇವಾನ್ ಪಾವ್ಲೋವ್ ಜೀರ್ಣಕ್ರಿಯೆಯ ಮೇಲೆ ಮಾಡಿದ ಕೆಲಸಕ್ಕಾಗಿ 1904ರಲ್ಲಿ ನೊಬೆಲ್ ಪಡೆದವರು. ಆಹಾರ ಬಾಯಿಗೆ ಬೀಳುವ ಮೊದಲೇ, ಅದು ಬರುವ ಸೂಚನೆಗೇ ನಾಯಿಗಳ ಜೊಲ್ಲು ಸುರಿಯುವುದನ್ನು ಅವರು ಅಳೆದು ತೋರಿಸಿದರು. ಇದು ಅಭಿಜಾತ ಅನುಬಂಧನ. ಗೋದಲಿಯ ಬಳಿ ಹಿಂಡಿಯ ಬುಟ್ಟಿ ಸದ್ದು ಮಾಡಿದರೆ ದನ ಕಿವಿ ನಿಮಿರಿಸುವುದು, ಕರುವಿನ ಕೂಗಿಗೆ ಆಕಳ ಕೆಚ್ಚಲು ತುಂಬಿ ಬರುವುದು, ಒಮ್ಮೆ ಸೂಜಿ ಚುಚ್ಚಿಸಿಕೊಂಡ ಎತ್ತು ಪಶುವೈದ್ಯರನ್ನು ದೂರದಿಂದಲೇ ಕಂಡು ಹಗ್ಗ ಜಗ್ಗುವುದು, ಎಲ್ಲದರ ಹಿಂದೆ ಇರುವುದು ಅದೇ. ಹಿಂದೆ ರಾತ್ರಿ ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ತಿರುಗಿಸುತ್ತ ಹಂತಿ ಪದ ಹಾಡುತ್ತಿದ್ದರು. ಹಾಡು ಮನುಷ್ಯರ ದಣಿವು ಕಳೆಯಲು ಹುಟ್ಟಿದ್ದು ನಿಜ. ಆದರೆ ಹಾಡಿನ ಜೊತೆಗೇ ನಡಿಗೆ, ಹಾಡು ನಿಂತಾಗ ಬಿಡುವು ಎಂಬ ಜೋಡಣೆ ಎತ್ತಿನ ಪಾಲಿಗೂ ಒಂದು ಸೂಚನೆಯಾಗಬಲ್ಲದು.

ಗಳೆ ಕಲಿಸುವ ಕಸುಬಿನ ತಿರುಳು ಇರುವುದು ಮೂರನೆಯ ಬಗೆಯಲ್ಲಿ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಸಿದ ಬೆಕ್ಕನ್ನು ಪೆಟ್ಟಿಗೆಯೊಳಗೆ ಕೂಡಿ, ಹೊರಗೆ ಆಹಾರ ಇಟ್ಟರು. ಅಗಳಿ ತೆರೆಯುವ ಉಪಾಯ ಬೆಕ್ಕಿಗೆ ಒಮ್ಮೆಲೇ ಹೊಳೆಯಲಿಲ್ಲ. ಪರಚಿ, ಕಚ್ಚಿ, ಹೊರಳಾಡಿ, ಆಕಸ್ಮಿಕವಾಗಿ ಅಗಳಿ ಸರಿದಾಗ ಹೊರಬಂತು. ಮುಂದಿನ ಸಲಗಳಲ್ಲಿ ವ್ಯರ್ಥ ಪರಚಾಟ ಕಡಿಮೆಯಾಗುತ್ತ ಹೋಯಿತು. ತೃಪ್ತಿ ತಂದ ನಡತೆ ಗಟ್ಟಿಯಾಗುತ್ತದೆ, ತಾರದ್ದು ಸಡಿಲುತ್ತದೆ ಎಂಬ ಪರಿಣಾಮ ನಿಯಮವನ್ನು ಅವರು ಇದರಿಂದ ಕಂಡುಕೊಂಡರು. ಬಿ.ಎಫ್. ಸ್ಕಿನ್ನರ್ 1930ರ ದಶಕದಿಂದ ಇಲಿ, ಪಾರಿವಾಳಗಳ ಮೇಲೆ ಇದನ್ನೇ ವಿಸ್ತರಿಸಿ, ನಡತೆಯನ್ನು ಗಟ್ಟಿಗೊಳಿಸುವುದಕ್ಕೆ ಪುನರ್ಬಲನ ಎಂದರು. ಬಿ.ಇಡಿ ಓದಿದ ಎಲ್ಲರೂ ಈ ಹೆಸರುಗಳನ್ನು ಬಾಯಿಪಾಠ ಮಾಡಿರುತ್ತಾರೆ.

ಪುನರ್ಬಲನದಲ್ಲಿ ಎರಡು ಬಗೆ. ಬೇಕಾದದ್ದು ಸಿಕ್ಕಿ ನಡತೆ ಗಟ್ಟಿಯಾದರೆ ಅದು ಧನಾತ್ಮಕ. ಬೇಡವಾದದ್ದು ತೊಲಗಿ ನಡತೆ ಗಟ್ಟಿಯಾದರೆ ಅದು ಋಣಾತ್ಮಕ. ಎರಡನೆಯದನ್ನು ಶಿಕ್ಷೆಯೆಂದು ತಿಳಿಯುವವರು ಬಹಳ, ಅದು ಶಿಕ್ಷೆಯಲ್ಲ. ಮೂಗುದಾರದ ಕೆಲಸವನ್ನು ನೋಡಿದರೆ ಇದು ಅರ್ಥವಾಗುತ್ತದೆ. ಬಲಗಡೆಯ ಹಗ್ಗ ಬಿಗಿಯಾದಾಗ ಮೂಗಿನ ಒಂದು ಪಕ್ಕ ಒತ್ತಡ ಬೀಳುತ್ತದೆ. ಹೋರಿ ಅತ್ತಿತ್ತ ಒದ್ದಾಡುತ್ತದೆ, ಹಿಂದೆ ಸರಿಯುತ್ತದೆ, ಕಡೆಗೆ ಮುಖವನ್ನು ಬಲಕ್ಕೆ ಹೊರಳಿಸುತ್ತದೆ. ಹೊರಳಿಸಿದ ಕ್ಷಣದಲ್ಲೇ ಹಗ್ಗ ಸಡಿಲಾಗಬೇಕು. ಕಲಿಸುವುದು ಆ ಸಡಿಲಿಕೆಯೇ. ಬಿಗಿದದ್ದು ಒಂದು ಪ್ರಶ್ನೆ ಕೇಳಿದಷ್ಟೇ ಆಯಿತು. ಸಡಿಲಿಕೆ ಕೆಲವೇ ಕ್ಷಣ ತಡವಾದರೂ ಹೋರಿ ಬೇರೇನನ್ನೋ ಕಲಿಯುತ್ತದೆ, ಏಕೆಂದರೆ ಅಷ್ಟರಲ್ಲಿ ಅದು ತಲೆ ಕೊಡವಿಯೋ ಮುಂದೆ ನುಗ್ಗಿಯೋ ಇರುತ್ತದೆ. ನುರಿತ ಒಕ್ಕಲಿಗನ ಕೈಯಲ್ಲಿ ಹಗ್ಗ ಯಾವಾಗಲೂ ಜೋತಾಡುತ್ತಿರುವುದಕ್ಕೂ, ಹೊಸಬನ ಕೈಯಲ್ಲಿ ಸದಾ ಬಿಗಿದಿರುವುದಕ್ಕೂ ಇರುವ ವ್ಯತ್ಯಾಸ ಇದೇ. ಸದಾ ಬಿಗಿದ ಹಗ್ಗದಿಂದ ಎತ್ತು ಕಲಿಯಲು ಏನೂ ಉಳಿಯುವುದಿಲ್ಲ. ಒತ್ತಡಕ್ಕೆ ಒಗ್ಗಿ ಅದರ ಮೂಗು ಜಡವಾಗುತ್ತದೆ.

ನೊಗಕ್ಕೆ ಕಟ್ಟಿದೊಡನೆ ನೆಲಕ್ಕೆ ಮಲಗಿಬಿಡುವ ಎತ್ತು ಇದರ ಇನ್ನೊಂದು ಮುಖ. ಜಾತ್ರೆಯ ದನದ ಪೇಟೆಯಲ್ಲಿ ಕೊಳ್ಳುವವರು ತಪ್ಪದೆ ವಿಚಾರಿಸುವ ದೋಷ ಅದು. ಅದನ್ನು ಸೋಮಾರಿತನವೆಂದೋ ಸುಳಿದೋಷವೆಂದೋ ಹೇಳುವುದುಂಟು. ವಾಸ್ತವದಲ್ಲಿ ಆ ಎತ್ತು ಪಾಠವನ್ನು ಚೆನ್ನಾಗಿ ಕಲಿತಿದೆ. ಎಂದೋ ದಣಿದು ಮಲಗಿದಾಗ ಗಾಬರಿಯಾದ ಒಡೆಯ ಕೊರಳ ಪಟ್ಟಿ ಬಿಚ್ಚಿ ನೊಗ ಇಳಿಸಿದ. ಮಲಗಿದರೆ ಭಾರ ತೊಲಗುತ್ತದೆ ಎಂದು ಎತ್ತಿಗೆ ತಿಳಿಯಿತು. ಮುಂದೆ ಹತ್ತು ಸಲದಲ್ಲಿ ಎರಡು ಸಲ ಮಾತ್ರ ನೊಗ ಇಳಿದರೂ ಆ ಚಟ ಬಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಮಾತ್ರ ಫಲ ಸಿಗುವ ನಡತೆ, ಪ್ರತಿ ಸಲ ಫಲ ಸಿಗುವ ನಡತೆಗಿಂತ ಅಳಿಯಲು ಹೆಚ್ಚು ಕಾಲ ಹಿಡಿಯುತ್ತದೆ ಎಂಬುದು ಸ್ಕಿನ್ನರ್ ಪರಂಪರೆಯ ಅತ್ಯಂತ ದೃಢವಾದ ಶೋಧಗಳಲ್ಲಿ ಒಂದು. ಹಾಗಾಗಿ ಹೊಸ ಹೋರಿಯನ್ನು ದಣಿಯುವ ಮೊದಲೇ, ಅದು ಸರಿಯಾಗಿ ನಡೆಯುತ್ತಿರುವಾಗಲೇ ಬಿಚ್ಚುವುದು ಜಾಣತನ. ಬಿಡುಗಡೆ ಒಳ್ಳೆಯ ನಡತೆಗೆ ಬಿದ್ದ ಬಹುಮಾನವಾಗುತ್ತದೆ.

ಗುರಿಯ ನಡತೆಯನ್ನು ತುಣುಕು ತುಣುಕಾಗಿ ಕಟ್ಟುವುದು ಕಲಿಸುವವರ ಮತ್ತೊಂದು ಉಪಾಯ. ಮೊದಲು ಹಗ್ಗ ಹಿಡಿದು ನಡೆಸುವುದು, ಆಮೇಲೆ ಬರಿ ನೊಗ, ಆಮೇಲೆ ಹಗುರ ಕೊರಡು, ಮಳೆ ಬಿದ್ದು ಮೆತ್ತಗಾದ ನೆಲದಲ್ಲಿ ಕುಂಟೆ, ಕೊನೆಗೆ ಬಂಡಿ. ಬಿತ್ತುವ ಕೂರಿಗೆಗೆ ಹೊಸ ಹೋರಿಯನ್ನು ಯಾರೂ ಹೂಡುವುದಿಲ್ಲ. ಅಲ್ಲಿ ಸಾಲು ಸೊಟ್ಟಗಾದರೆ ಇಡೀ ಹಂಗಾಮಿನ ಬೆಳೆ ಸೊಟ್ಟ. ಹೊಸದನ್ನು ನುರಿತ ಎತ್ತಿನ ಜೊತೆ ಕಟ್ಟುವ ಪದ್ಧತಿ ಎರಡು ರೀತಿ ನೆರವಾಗುತ್ತದೆ. ಹಳೆಯದು ತಿರುಗಿದಾಗ ನೊಗ ತಾನೇ ಹೊಸದನ್ನು ತಿರುಗಿಸುತ್ತದೆ. ಜೊತೆಗೆ, ಮಂದೆಯಲ್ಲಿ ಬಾಳುವ ಪ್ರಾಣಿಗೆ ಪಕ್ಕದಲ್ಲಿ ಇನ್ನೊಂದು ನೆಮ್ಮದಿಯಾಗಿ ನಿಂತಿರುವುದೇ ಧೈರ್ಯ. ಎಡಕ್ಕೆ ಹೂಡಿ ಪಳಗಿದ ಎತ್ತನ್ನು ಒಮ್ಮೆಲೇ ಬಲಕ್ಕೆ ಕಟ್ಟಿದರೆ ಅದು ತಡಬಡಿಸುವುದೂ ಅನುಭವಕ್ಕೆ ಬಂದ ಸಂಗತಿ. ಕಲಿತದ್ದು ಕಲಿತ ಸಂದರ್ಭಕ್ಕೆ ಅಂಟಿಕೊಂಡಿರುತ್ತದೆ; ಹೊಸ ಸಂದರ್ಭಕ್ಕೆ ಅದು ಸಾಗಬೇಕಾದರೆ ಬೇರೆಯಾಗಿ ರೂಢಿ ಮಾಡಿಸಬೇಕು.

ಬಾರಕೋಲಿನ ವಿಷಯಕ್ಕೆ ಬಂದರೆ ವಿಜ್ಞಾನ ಮತ್ತು ರೂಢಿ ಬೇರೆಯಾಗುತ್ತವೆ. ಗಾಳಿಯಲ್ಲಿ ಬೀಸಿದ ಸದ್ದು ಸೂಚನೆಯಾಗಿ ಕೆಲಸ ಮಾಡುತ್ತದೆ, ಅದರಲ್ಲಿ ತೊಂದರೆಯಿಲ್ಲ. ಹೊಡೆತ ಕೆಲಸ ಮಾಡುವುದಿಲ್ಲ. ಏನು ಮಾಡಬಾರದು ಎಂಬುದನ್ನಷ್ಟೇ ಅದು ಹೇಳುತ್ತದೆ, ಏನು ಮಾಡಬೇಕೆಂದು ಹೇಳುವುದಿಲ್ಲ. ತಡವಾಗಿ ಬಿದ್ದರೆ ಅದನ್ನೂ ಹೇಳುವುದಿಲ್ಲ. ಮೇಲಾಗಿ ಪ್ರಾಣಿ ನೋವನ್ನು ತನ್ನ ತಪ್ಪಿಗೆ ಜೋಡಿಸುವ ಬದಲು ಹೊಡೆದ ಮನುಷ್ಯನಿಗೆ, ಹೊಡೆಸಿಕೊಂಡ ಜಾಗಕ್ಕೆ ಜೋಡಿಸುತ್ತದೆ. ಕೆನಡಾ ಮತ್ತು ಡೆನ್ಮಾರ್ಕ್‌ನಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ ದನಕರುಗಳು ಮೃದುವಾಗಿ ನಡೆಸಿಕೊಂಡವರನ್ನೂ ಒರಟಾಗಿ ನಡೆಸಿಕೊಂಡವರನ್ನೂ ಬೇರೆ ಬೇರೆಯಾಗಿ ಗುರುತಿಸಿ, ಎರಡನೆಯವರಿಂದ ದೂರ ನಿಂತವು. ಒರಟಾದ ವ್ಯಕ್ತಿ ಹತ್ತಿರ ನಿಂತಿದ್ದರೆ ಹಸುಗಳು ಕೆಚ್ಚಲಿನ ಹಾಲನ್ನು ಪೂರ್ತಿ ಇಳಿಸಲಿಲ್ಲ.

ಹಾಗೆಂದು ಬೇಕಾದ್ದನ್ನೆಲ್ಲ ಬೇಕಾದ ಪ್ರಾಣಿಗೆ ಕಲಿಸಲು ಬರುವುದಿಲ್ಲ. ಸ್ಕಿನ್ನರ್ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲಂಡ್ ದಂಪತಿ ಪ್ರದರ್ಶನಗಳಿಗಾಗಿ ಹಲವು ಜಾತಿಯ ಪ್ರಾಣಿಗಳನ್ನು ಪಳಗಿಸಿದವರು. ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿತ ಹಂದಿಗಳು ಕೆಲವು ವಾರಗಳಲ್ಲಿ ಅದನ್ನು ನೆಲಕ್ಕೆ ಕೆಡವಿ ಮೂತಿಯಿಂದ ಕೆದಕತೊಡಗಿದ್ದನ್ನು ಅವರು 1961ರಲ್ಲಿ ಬರೆದರು. ಆಹಾರ ಹುಡುಕುವ ಹುಟ್ಟುಗುಣ ಪಾಠವನ್ನು ಮೀರಿತ್ತು. 1966ರಲ್ಲಿ ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೋಲಿಂಗ್ ಇಲಿಗಳ ಮೇಲೆ ತೋರಿಸಿದ್ದು ಇನ್ನೂ ಸ್ಪಷ್ಟ: ಹೊಟ್ಟೆನೋವನ್ನು ಇಲಿ ರುಚಿಗೆ ಜೋಡಿಸುತ್ತದೆ, ಬೆಳಕಿಗೋ ಸದ್ದಿಗೋ ಜೋಡಿಸುವುದಿಲ್ಲ. ತಿಂದು ಎಷ್ಟೋ ಹೊತ್ತಿನ ಮೇಲೆ ಹೊಟ್ಟೆ ಕೆಟ್ಟರೂ ಆ ರುಚಿಯನ್ನು ಬಿಟ್ಟುಬಿಡುತ್ತದೆ. ಮೇಯುವ ದನ, ಕುರಿಗಳಲ್ಲೂ ಈ ಶಕ್ತಿಯಿದೆ. ಆದರೆ ಜೋಳದ ನಾಡಿನಲ್ಲಿ ಅದು ಸೋಲುವ ಒಂದು ಸಂದರ್ಭವುಂಟು. ಎಳೆ ಜೋಳದ ಸಸಿಯಲ್ಲಿ, ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಹೆಚ್ಚು ಮೇದ ದನ ಬಹುಬೇಗ ಸಾಯುತ್ತದೆ. ಸತ್ತದ್ದಕ್ಕೆ ಕಲಿಯಲು ಎರಡನೆಯ ಅವಕಾಶ ಇಲ್ಲ. ಆ ಅರಿವನ್ನು ದನದ ಪರವಾಗಿ ಮನುಷ್ಯನೇ ಹೊತ್ತಿರಬೇಕಾಗುತ್ತದೆ.

ಪ್ರಾಣಿಯ ಕಣ್ಣಿಗೆ ಜಗತ್ತು ಹೇಗೆ ಕಾಣುತ್ತದೆ ಎಂಬುದೂ ಕಲಿಕೆಯ ಗಡಿಯನ್ನು ಹಾಕುತ್ತದೆ. ದನದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಿನ 360 ಡಿಗ್ರಿಯಲ್ಲಿ ಸುಮಾರು 330 ಡಿಗ್ರಿ ಅದಕ್ಕೆ ಕಾಣುತ್ತದೆ. ನೇರ ಹಿಂದೆ ಮಾತ್ರ ಕುರುಡು. ಹಿಂದಿನಿಂದ ಸದ್ದಿಲ್ಲದೆ ಬಂದವರಿಗೆ ಒದೆ ಬೀಳುವುದು ಇದಕ್ಕೇ. ಆಳ ಅಳೆಯುವುದರಲ್ಲಿ ಅದರ ದೃಷ್ಟಿ ದುರ್ಬಲ. ದಾರಿಗೆ ಅಡ್ಡ ಬಿದ್ದ ನೆರಳು, ನೀರಿನ ಹೊಳಪು ಕಂಡು ಬಂಡಿಯ ಎತ್ತು ಗಕ್ಕನೆ ನಿಂತರೆ ಅದು ಹಟವಲ್ಲ. ಕೆಂಪು ಬಟ್ಟೆಗೆ ಹೋರಿ ಕೆರಳುತ್ತದೆಂಬ ನಂಬಿಕೆಗೂ ಆಧಾರವಿಲ್ಲ. ಬಣ್ಣ ತಿಳಿಯಲು ಮನುಷ್ಯರ ಕಣ್ಣಲ್ಲಿ ಮೂರು ಬಗೆಯ ಕೋಶಗಳಿದ್ದರೆ ದನದ ಕಣ್ಣಲ್ಲಿ ಎರಡೇ. ಅದನ್ನು ಕೆರಳಿಸುವುದು ಬಟ್ಟೆಯ ಅಲುಗಾಟ. ಹತ್ತಿರ ಹೋಗುವವರು ಹೆಗಲ ಪಕ್ಕದಿಂದ, ಮಾತಾಡಿಸುತ್ತ ಹೋಗಿ ಗಂಗೆದೊಗಲು ನೇವರಿಸುವ ಪದ್ಧತಿ ಬಹಳ ಸರಿಯಾದದ್ದು. ದನಗಳು ಪರಸ್ಪರ ನೆಕ್ಕಿಕೊಳ್ಳುವುದು ಹೆಚ್ಚಾಗಿ ತಲೆ, ಕತ್ತಿನ ಭಾಗದಲ್ಲೇ. ಅಲ್ಲಿ ಸವರಿದಾಗ ಅವು ಕತ್ತು ಚಾಚಿ ಕಿವಿ ಇಳಿಬಿಡುತ್ತವೆ.

ತಳಿಯಿಂದ ತಳಿಗೂ ಸಿದ್ಧತೆ ಬೇರೆ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ, ಓಡುವ ಬೇಟೆಯನ್ನು ಅಟ್ಟಲು ಬೆಳೆಸಿದ ತಳಿ. 2016ರಲ್ಲಿ ಭಾರತೀಯ ಸೇನೆ ಅದನ್ನು ತರಬೇತಿಗಾಗಿ ಮೀರತ್‌ಗೆ ಕರೆದೊಯ್ದಿತು. ಕುರಿಯನ್ನು ದಡ್ಡತನಕ್ಕೆ ಉಪಮೆ ಮಾಡುವ ರೂಢಿಯಿದೆ, ಅದು ಅನ್ಯಾಯ. ಕೇಂಬ್ರಿಜ್ ಬಳಿಯ ಬಾಬ್ರಾಹಂ ಸಂಸ್ಥೆಯ ಕೀತ್ ಕೆಂಡ್ರಿಕ್ ತಂಡ 2001ರಲ್ಲಿ ಪ್ರಕಟಿಸಿದಂತೆ ಕುರಿಗಳು ಬೇರೆ 50 ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಮಿಕ್ಕಿ ನೆನಪಿಟ್ಟುಕೊಂಡವು. ಡೋಣಿ, ಭೀಮಾ ತೀರದಲ್ಲಿ ಹಿಂಡು ಕಾಯುವ ಕುರುಬರು ಪ್ರತಿ ಕುರಿಯ ಮುಖವನ್ನೂ ಗುರುತಿಸುತ್ತಾರೆ. ಗುರುತು ಎರಡೂ ಕಡೆಯಿಂದ ಇದ್ದೀತು.

ಕಲಿಕೆಯೆಲ್ಲ ಪ್ರಚೋದನೆ, ಪ್ರತಿಕ್ರಿಯೆ, ಬಹುಮಾನಗಳ ಸರಪಳಿಯೇ? ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಅಮೆರಿಕದ ಬಹುತೇಕ ಮನೋವಿಜ್ಞಾನಿಗಳು ಹೌದೆಂದರು. ಎಡ್ವರ್ಡ್ ಟೋಲ್‌ಮನ್ ಒಪ್ಪಲಿಲ್ಲ. ಬಹುಮಾನವಿಲ್ಲದೆ ಜಟಿಲ ಓಣಿಗಳಲ್ಲಿ ಸುಮ್ಮನೆ ಸುತ್ತಾಡಿದ್ದ ಇಲಿಗಳು, ಆಹಾರ ಇಟ್ಟ ಕೂಡಲೆ, ಮೊದಲಿನಿಂದ ಆಹಾರ ಪಡೆದ ಇಲಿಗಳ ಸಮಕ್ಕೆ ಬಂದುಬಿಟ್ಟವು. ಸುತ್ತಾಡುವಾಗಲೇ ಅವು ಕಲಿತಿದ್ದವು, ತೋರಿಸಲು ಕಾರಣವಿರಲಿಲ್ಲ ಅಷ್ಟೆ. ಇಲಿಯ ತಲೆಯಲ್ಲಿ ಜಾಗದ ನಕ್ಷೆಯೊಂದು ಮೂಡುತ್ತದೆ ಎಂದು ಅವರು 1948ರಲ್ಲಿ ವಾದಿಸಿದರು. ಸಂತೆ ಮುಗಿಸಿ ರಾತ್ರಿ ಹೊರಟ ಬಂಡಿಯಲ್ಲಿ ಒಡೆಯ ಮಲಗಿ ನಿದ್ದೆಹೋದರೂ ಎತ್ತುಗಳು ಮನೆಯ ಮುಂದೆ ತಂದು ನಿಲ್ಲಿಸುತ್ತಿದ್ದ ಸಂಗತಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಆ ದಾರಿಯ ತಿರುವುಗಳನ್ನು ಎತ್ತುಗಳಿಗೆ ಯಾರೂ ಕೂತು ಕಲಿಸಿರಲಿಲ್ಲ.

ಪ್ರಾಣಿಯ ಬುದ್ಧಿಯನ್ನು ಹೊಗಳುವಾಗ ಎಚ್ಚರವೂ ಬೇಕು. ಸರಳ ವಿವರಣೆ ಸಾಕಾಗುವಲ್ಲಿ ಉನ್ನತ ಮನಃಶಕ್ತಿಯನ್ನು ಆರೋಪಿಸಬಾರದು ಎಂಬ ನಿಯಮವನ್ನು ಬ್ರಿಟನ್ನಿನ ಲಾಯ್ಡ್ ಮಾರ್ಗನ್ 1894ರಲ್ಲಿ ಮುಂದಿಟ್ಟರು. ಅದರ ಬೆಲೆ ಬರ್ಲಿನ್‌ನ ಹ್ಯಾನ್ಸ್ ಎಂಬ ಕುದುರೆಯಿಂದ ಗೊತ್ತಾಯಿತು. ಕೂಡು ಕಳೆ ಲೆಕ್ಕಗಳಿಗೆ ಗೊರಸು ಬಡಿದು ಸರಿಯುತ್ತರ ಕೊಡುತ್ತಿದ್ದ ಅದು ಯುರೋಪಿನಲ್ಲೆಲ್ಲ ಹೆಸರಾಗಿತ್ತು. ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ಪರೀಕ್ಷಿಸಿದಾಗ, ಪ್ರಶ್ನೆ ಕೇಳಿದವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುವುದಿಲ್ಲ ಎಂದು ತಿಳಿಯಿತು. ಸರಿಯಾದ ಎಣಿಕೆ ಮುಟ್ಟಿದಾಗ ಕೇಳಿದವರ ತಲೆ ತಮಗರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹ್ಯಾನ್ಸ್ ಅದನ್ನು ಓದುತ್ತಿತ್ತು. ಮನೆಮನೆಗೆ ಬಂದು, ಕೇಳಿದ ಪ್ರಶ್ನೆಗೆ ಹೌದು ಅಲ್ಲ ಎಂದು ತಲೆಯಾಡಿಸುವ ಕೋಲೆಬಸವನೂ ತನ್ನವನ ದನಿ, ಸನ್ನೆಗಳನ್ನೇ ಓದುತ್ತದೆ. ಭವಿಷ್ಯ ಅದಕ್ಕೆ ಗೊತ್ತಿಲ್ಲ. ಆದರೆ ಮನುಷ್ಯ ತನಗೇ ತಿಳಿಯದಂತೆ ಮಾಡುವ ಚಲನೆಯನ್ನು ಹಿಡಿಯುವ ಆ ಗಮನ ಲೆಕ್ಕ ಮಾಡುವುದಕ್ಕಿಂತ ಕಡಿಮೆಯ ಸಾಮರ್ಥ್ಯವಲ್ಲ. ಗಳೆ ಹೊಡೆಯುವವನ ಕೈ ಏಳುವ ಮೊದಲೇ ತಿರುಗುವ ಎತ್ತಿನಲ್ಲಿ ಇರುವುದೂ ಅದೇ.

ಎಚ್ಚರದಿಂದ ಮಾಡಿದ ಪ್ರಯೋಗಗಳ ನಂತರವೂ ಉಳಿಯುವ ಬುದ್ಧಿ ಸಣ್ಣದಲ್ಲ. ಟೆನೆರಿಫ್ ದ್ವೀಪದಲ್ಲಿ ವೂಲ್ಫ್‌ಗ್ಯಾಂಗ್ ಕೋಹ್ಲರ್ ಅಭ್ಯಸಿಸಿದ ಸುಲ್ತಾನ್ ಎಂಬ ಚಿಂಪಾಂಜಿ ಎರಡು ಕೋಲುಗಳನ್ನು ಒಂದಕ್ಕೊಂದು ಸಿಕ್ಕಿಸಿ ದೂರದ ಹಣ್ಣನ್ನು ಎಳೆದುಕೊಂಡಿತು. ಬಂಡೀಪುರದ ಮಂಗಗಳು ಪ್ರವಾಸಿಗರ ಕೈಯಲ್ಲಿ ತಿನಿಸು ಕಂಡರೆ ವಿಶಿಷ್ಟ ಕೂಗು ಹಾಕಿ, ಕೈ ಚಾಚಿ ಬೇಡುವುದನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಸಂಶೋಧಕರು 2018ರಲ್ಲಿ ವರದಿ ಮಾಡಿದರು. ದನಗಳ ಮೇಲಿನ ಕೆಲಸ ಇನ್ನೂ ಕಡಿಮೆ, ಆದರೂ ಎರಡು ಶೋಧಗಳು ಗಮನಾರ್ಹ. ಕೇಂಬ್ರಿಜ್‌ನಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗೇಟು ತೆರೆಯುವ ಉಪಾಯ ಕಲಿಯುತ್ತಿದ್ದ ಪಡ್ಡೆ ಹಸುಗಳು ಕಲಿತ ಹೊತ್ತಿನಲ್ಲಿ ಉತ್ಸಾಹದ ಲಕ್ಷಣಗಳನ್ನು ತೋರಿದವು. ಜರ್ಮನಿಯಲ್ಲಿ 2021ರಲ್ಲಿ 16 ಕರುಗಳಿಗೆ ನಿಗದಿತ ಜಾಗದಲ್ಲೇ ಮೂತ್ರ ಮಾಡಲು ಕಲಿಸಲು ಹೊರಟಾಗ 11 ಕರುಗಳು ಕಲಿತವು. ಕಲಿಸಲು ಬಳಸಿದ್ದು ಸಿಹಿ ನೀರು, ಜವೆಗೋಧಿ, ಮತ್ತು ತಪ್ಪಿದಾಗ ಮೈಮೇಲೆ ಒಂದಿಷ್ಟು ನೀರಿನ ಸಿಂಚನ. ಹೊಡೆತ ಎಲ್ಲೂ ಇರಲಿಲ್ಲ.

ಈ ತಿಳಿವಿನ ಸ್ವಲ್ಪ ಭಾಗ ಕಾನೂನಿನಲ್ಲೂ ಸೇರಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿ 1965ರಲ್ಲಿ ಬಂದ ನಿಯಮಗಳು ಎಳೆಯುವ ಮತ್ತು ಹೊರುವ ಪ್ರಾಣಿಗಳನ್ನು ದಿನಕ್ಕೆ ಒಟ್ಟು 9 ತಾಸಿಗಿಂತ, ಬಿಡುವಿಲ್ಲದೆ 5 ತಾಸಿಗಿಂತ ಹೆಚ್ಚು ದುಡಿಸಬಾರದು ಎನ್ನುತ್ತವೆ. ಉಷ್ಣತೆ 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಬೇಸಿಗೆಯ ಸಿಂದಗಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಮೊಳೆ ಬಡಿದ ಕೋಲನ್ನೂ ನಿಯಮ ನಿಷೇಧಿಸಿದೆ. ನೋವು, ದಣಿವು, ಭಯ ಇರುವಲ್ಲಿ ಕಲಿಕೆ ಕೆಡುತ್ತದೆ ಎಂಬುದನ್ನು ಬಲ್ಲ ಒಕ್ಕಲಿಗನಿಗೆ ಈ ನಿಯಮಗಳನ್ನು ಹೇಳಿಕೊಡಬೇಕಾಗಿಲ್ಲ.

ಆ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಟ್ರ್ಯಾಕ್ಟರ್ ಬಂದ ಮೇಲೆ ಜೋಡೆತ್ತು ಕಟ್ಟುವ ಮನೆಗಳು ಇಳಿದವು, ಹೋರಿ ಪಳಗಿಸುವವರು ಇನ್ನೂ ಇಳಿದರು. ತಳಿಯನ್ನು ಉಳಿಸುವ ಬಗ್ಗೆ ಮಾತು ನಡೆಯುತ್ತದೆ; ತಳಿಗೆ ಕಲಿಸುವ ವಿದ್ಯೆಯನ್ನು ಉಳಿಸುವ ಬಗ್ಗೆ ನಡೆಯುವುದಿಲ್ಲ. ಅದು ಪುಸ್ತಕದಲ್ಲಿಲ್ಲ. ಹಗ್ಗ ಎಷ್ಟು ಬಿಗಿಯಬೇಕು, ಯಾವಾಗ ಬಿಡಬೇಕು, ಯಾವ ಹೋರಿಯನ್ನು ಯಾವುದರ ಜೊತೆ ಕಟ್ಟಬೇಕು, ನಿಲ್ಲಿಸಲು ಯಾವ ಕೂಗು, ತಿರುಗಿಸಲು ಯಾವ ಕೂಗು ಎಂಬುದೆಲ್ಲ ವಯಸ್ಸಾದವರ ನೆನಪಿನಲ್ಲಿ, ಕೈಯಲ್ಲಿ ಮಾತ್ರ ಉಳಿದಿದೆ. ಮನೆಯಲ್ಲಿ ಗಳೆ ಹೊಡೆದ ಹಿರಿಯರಿದ್ದರೆ ಅವರನ್ನು ಕೂರಿಸಿ ಕೇಳಿ. ಹೇಳಿದ್ದನ್ನು ಬರೆದಿಡಿ, ಆ ಕೂಗುಗಳನ್ನು ಅವರ ದನಿಯಲ್ಲೇ ಮೊಬೈಲಿನಲ್ಲಿ ದಾಖಲಿಸಿ ಹತ್ತಿರದ ಪಶುವೈದ್ಯ ಕಾಲೇಜಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಂದು ಪ್ರತಿ ತಲುಪಿಸಿ.